ಆರು ಕ್ಷಿಪಣಿ, ಒಂದು ಪದಕ

ಪದಕವನ್ನು ಮುಂದಿನ ಸೀಟಿನವನಿಗೆ ಕೊಟ್ಟರು. ಅದೇ ವಿಮಾನದ ಹಿಂದಿನ ಸೀಟಿನಲ್ಲಿ ಕೂತು ರೇಡಿಯೋ ಅಲೆಗಳಿಂದ ವೈರಿಯ ರೇಡಾರಿನ ಕಣ್ಣು ಕಟ್ಟುತ್ತಿದ್ದ ಅಕ್ಕನಿಗೆ ಒಂದು ಚೀಟಿಯೂ ಬರಲಿಲ್ಲ.

ಹತ್ತೊಂಬತ್ತು ವರ್ಷ ತಂಗಿ ಸುಮ್ಮನಿರಲಿಲ್ಲ. ಅವಳು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಕೆಲಸ ಮುಗಿದ ಮೇಲೆ ಅದೇ ಯಂತ್ರದಲ್ಲಿ ಅಕ್ಕನ ಪರ ಅರ್ಜಿ ಕುಟ್ಟುತ್ತಿದ್ದಳು. ‘ಆರು ಕ್ಷಿಪಣಿಗಳು ಬೆನ್ನಟ್ಟಿದವು. ಒಂದೂ ತಾಗಲಿಲ್ಲ. ನೆಲದ ಮೇಲೆ ಒಂದರ ಚೂರೂ ಸಿಗಲಿಲ್ಲ. ಅಷ್ಟು ಚೊಕ್ಕಟವಾಗಿ ದಾರಿ ತಪ್ಪಿಸಿದ್ದು ಯಾರು? ಹೆಂಗಸೆಂದು ಮರೆತಿರಾ?’

ಮುಂದಿನ ಸೀಟಿನವನು ಸಿಕ್ಕಸಿಕ್ಕ ಸಭೆಯಲ್ಲಿ ಎರಡೂ ಕೈಗಳನ್ನು ರೆಕ್ಕೆ ಮಾಡಿ ಆ ಆರರಿಂದಲೂ ತಪ್ಪಿಸಿಕೊಳ್ಳುತ್ತಿದ್ದ. ತಪ್ಪಿಸಿಕೊಳ್ಳುತ್ತ ತಪ್ಪಿಸಿಕೊಳ್ಳುತ್ತ ದೊಡ್ಡ ಸಾಹೇಬನೇ ಆದ. ಅವನು ಕೈ ಎತ್ತಿದೊಡನೆ ಅಕ್ಕ ಎದ್ದು ಹೊರಗೆ ನಡೆಯುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ ಎಂದು ತಂಗಿ ಹಲ್ಲು ಕಡಿಯುತ್ತಿದ್ದಳು.

ಆ ಹಾರಾಟದ ಮರುವಾರವೇ ಅಕ್ಕ ತರಬೇತಿ ಶಾಲೆಗೆ ವರ್ಗಾವಣೆ ಕೇಳಿಕೊಂಡು ಹೋಗಿದ್ದಳು. ಎರಡೂ ಸೀಟಿನ ಪರದೆಗಳ ತುಂಬ ಸುಳ್ಳು ಕ್ಷಿಪಣಿ ಓಡಿಸಿ ಹೊಸಬರ ಬೆವರಿಳಿಸುವುದೇ ಅವಳ ಮೊದಲ ಪಾಠ. “ಹಿಂದಿನ ಸೀಟಿನ ಈ ಸ್ವಿಚ್ ಮೇಲಿದ್ರೆ ಅಭ್ಯಾಸ, ಕೆಳಗಿದ್ರೆ ನಿಜ. ಹಾರೋಕೆ ಮುಂಚೆ ಮೂರು ಸಲ ಮುಟ್ಟಿ ನೋಡಿ.” ಬೆನ್ನ ಹಿಂದೆ ಅವಳಿಗೆ ‘ಸ್ವಿಚ್ಚಮ್ಮ’ ಎಂದೇ ಹೆಸರು. ಮನೆಯಲ್ಲೂ ಇಸ್ತ್ರಿಪೆಟ್ಟಿಗೆಯನ್ನು ಮೂರು ಸಲ ನೋಡದೆ ಹೊಸ್ತಿಲು ದಾಟುವವಳಲ್ಲ. ಅನ್ಯಾಯ ಉಂಡವರಿಗೆ ಇಂಥ ಗೀಳು ಹತ್ತುತ್ತದೆ ಎಂದು ತಂಗಿ ಅದನ್ನೂ ಒಂದು ಅರ್ಜಿಗೆ ಸೇರಿಸಿದ್ದಳು.

ಕೊನೆಗೆ ಇಲಾಖೆ ಮಣಿಯಿತು. ಅಕ್ಕನ ನಿವೃತ್ತಿಗೆ ಆರು ದಿನ ಉಳಿದಿರುವಾಗ ಅಕ್ಕ ತಂಗಿ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಮಖಮಲ್ಲಿನ ಡಬ್ಬಿ, ಪಕ್ಕದಲ್ಲಿ ಒಂದು ಹಾಳೆ.

“ಇಲ್ಲೊಂದು ಸಹಿ ಹಾಕಿ ಮೇಡಂ,” ಎಂದ ಅಧಿಕಾರಿ. “ಶತ್ರುವಿನ ಆರೂ ಕ್ಷಿಪಣಿಗಳ ದಾರಿ ತಪ್ಪಿಸಿದ್ದು ನೀವೇ ಅಂತ ಬರೆದಿದೀವಿ. ಅಷ್ಟೇ.”

ಅಕ್ಕ ಹಾಳೆಯನ್ನು ಓದಿದಳು. ಮತ್ತೆ ಓದಿದಳು. ಮೂರನೇ ಸಲವೂ ಓದಿದಳು.

“ಆರೂ ನನ್ನ ಕೈಯಿಂದ್ಲೇ ಆಗಿದ್ದು, ಅದೇನೋ ನಿಜ.”

“ಹಾಗಿದ್ರೆ ಹಾಕಕ್ಕಾ!” ತಂಗಿ ಮೇಜು ಗುದ್ದಿದಳು. “ಕುಟ್ಟಿ ಕುಟ್ಟಿ ನನ್ನ ಬೆರಳು ಸವೆದುಹೋಯ್ತು, ಇನ್ನೂ ಏನು ಬಿಂಕ?”

“ಮೇಡಂ, ಇದು ಆದೇಶ.”

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ ಅವನ ಕಡೆಗೇ ಸರಿಸಿದಳು.

“ಹಾಕಲ್ಲ. ಅವತ್ತು ಸ್ವಿಚ್ ಮೇಲೇ ಇತ್ತು.”