ಬಣ್ಣದ ತೊಟ್ಟಿಯ ಬಾಗಿಲು

ಯಾರೋ ನೋಡಿದ್ದರು.

ಅವನು ಪರದೆಯ ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿದ. ‘ದೊಡ್ಡವನು ತೊಟ್ಟಿಯ ಬಾಗಿಲಿನಿಂದ ಹೊರಗೆ ಬಂದು, ಹಾಕಿದೆ ಎಂದು ಕೂಗಿದ. ಯಾರೂ ಉತ್ತರ ಕೊಡಲಿಲ್ಲ.’ ಬರೆದವರ ಹೆಸರಿನ ಜಾಗದಲ್ಲಿ ‘ಪುಟಾಣಿ’ ಎಂದಿತ್ತು. ಬೆಳಗಿನ ಹತ್ತು ಗಂಟೆ, ಕಿಟಕಿಯ ತುಂಬ ಬಿಸಿಲು. ಆದರೂ ಅವನು ಒಮ್ಮೆ ಹಿಂದೆ ತಿರುಗಿ ನೋಡಿದ.

ಅವನು ಬಸ್ಸುಗಳ ವೇಳಾಪಟ್ಟಿ ಮಾಡುವವನು. ಇಪ್ಪತ್ತೆಂಟು ವರ್ಷ ಊರಿನ ಬಸ್ಸುಗಳನ್ನೆಲ್ಲ ನಿಮಿಷಕ್ಕೆ ಸರಿಯಾಗಿ ಹೊರಡಿಸಿದವನು, ತನ್ನ ಮೊದಲ ಪುಸ್ತಕವನ್ನು ಮಾತ್ರ ನಿಲ್ದಾಣದಿಂದ ಹೊರಗೆ ತರಲಾರದೆ ಕೂತಿದ್ದ. ಹಾಕಿದ್ದು ಒಂದು ತಿಂಗಳ ರಜೆ. ಇದು ಹತ್ತೊಂಬತ್ತನೆಯ ದಿನ, ಬರೆದದ್ದು ಸೊನ್ನೆ. ಈ ನಡುವೆ ತಿಮಿಂಗಿಲ ಹೇಗೆ ನಿದ್ದೆ ಮಾಡುತ್ತದೆ ಎಂದು ತಿಳಿದುಕೊಂಡಿದ್ದ. ಹನ್ನೊಂದು ಕುರ್ಚಿಗಳನ್ನು ಹೋಲಿಸಿ ನೋಡಿ ಒಂದನ್ನೂ ಕೊಳ್ಳದೆ ಬಿಟ್ಟಿದ್ದ. ಕಾಲಹರಣ ಬಿಡುವುದು ಹೇಗೆ ಎಂಬ ವಿಡಿಯೋಗಳನ್ನು ನೋಡುತ್ತ ಇಡೀ ಒಂದು ವಾರ ಹಾಳು ಮಾಡಿದ್ದ. ಹಾಗೆ ಅಲೆಯುತ್ತಲೇ ಈ ತಾಣಕ್ಕೆ ಬಂದಿದ್ದ. ಜನ ಹೆಸರು ಹೇಳದೆ ಮನಸ್ಸಿನ ಭಾರ ಇಳಿಸಿಕೊಳ್ಳುವ ಜಾಗ ಅದು.

ಪುಸ್ತಕದಲ್ಲಿ ಹೇಳಬೇಕಾದದ್ದು ಒಂದೇ ಸಂಗತಿ. ಅವನ ಅಪ್ಪ ಬಟ್ಟೆಗೆ ಬಣ್ಣ ಹಾಕುವ ಕೆಲಸದವನು. ಹಿತ್ತಲಿನಲ್ಲಿ ಆಳು ಮುಳುಗುವಷ್ಟು ಆಳದ ತೊಟ್ಟಿ, ಅದರ ಸುತ್ತ ಗೋಡೆ, ಗೋಡೆಗೊಂದು ಬಾಗಿಲು. ಮನೆಯಲ್ಲಿ ಸಣ್ಣ ಮಗುವಿದ್ದದ್ದರಿಂದ ಅಪ್ಪ ಒಂದು ಕಟ್ಟುಪಾಡು ಮಾಡಿದ್ದ. ಹೊರಬಂದವರು ಚಿಲಕ ಹಾಕಿ ‘ಹಾಕಿದೆ’ ಎಂದು ಕೂಗಬೇಕು. ಕೇಳಿದವರು ‘ಕೇಳಿಸಿತು’ ಎನ್ನಬೇಕು. ಆ ದಿನ ಅಪ್ಪ ಪೇಟೆಗೆ ಹೋದ ಮೇಲೆ, ಒಂಬತ್ತು ವರ್ಷದ ಅವನು ಒಳಗೆ ಬಿದ್ದ ಗಾಳಿಪಟ ತರಲು ಹೋದ. ಬಂದು, ಕೂಗಿ, ಬೀದಿಗೆ ಓಡಿದ. ಕೈ ಚಿಲಕದ ಕಡೆಗೆ ಹೋದದ್ದು ನೆನಪಿದೆ. ಚಿಲಕ ಬಿದ್ದ ಸದ್ದು ನೆನಪಿಲ್ಲ. ಒಂದು ಗಂಟೆಯ ಮೇಲೆ ನೋಡಿದರೆ ಬಾಗಿಲು ಹಾರುಹೊಡೆದಿತ್ತು. ಮೂರು ವರ್ಷದ ತಮ್ಮ ನೀಲಿ ನೀರಿನಲ್ಲಿದ್ದ.

ಚಿಲಕ ಮರೆತವನು ತಾನೇ ಎಂದು ಅಪ್ಪ ನಂಬಿದ. ತೊಟ್ಟಿ ಮುಚ್ಚಿಸಿದ, ಮತ್ತೆ ಬಣ್ಣ ಮುಟ್ಟಲಿಲ್ಲ, ಆ ನಂಬಿಕೆಯಲ್ಲೇ ಸತ್ತ. ಮಗ ಬಾಯಿ ಬಿಡಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. ಅಮ್ಮ ಇರುವಾಗಲೇ ತಪ್ಪೊಪ್ಪಿಕೊಳ್ಳಬೇಕು ಎಂಬುದೊಂದೇ ಅವನ ಆಸೆ. ಎದುರು ನಿಂತು ಹೇಳುವ ಧೈರ್ಯವಿಲ್ಲದ್ದಕ್ಕೇ ಪುಸ್ತಕ.

ಪುಟಾಣಿ ಎಂದು ಮನೆಯಲ್ಲಿ ಕರೆಯುತ್ತಿದ್ದದ್ದು ಆ ತಮ್ಮನನ್ನು. ಸತ್ತ ಮಗು ಅಕ್ಷರ ಒತ್ತುವುದಿಲ್ಲ ಎಂದು ಅವನು ತನಗೆ ತಾನೇ ಬುದ್ಧಿ ಹೇಳಿಕೊಂಡ. ಪಕ್ಕದ ಕೋಣೆಯಲ್ಲಿ ಅಮ್ಮನ ಗುನುಗುನು ಕೇಳುತ್ತಿತ್ತು. ದಿನವೂ ಈ ಹೊತ್ತಿಗೆ ಅವಳು ಫೋನಿನಲ್ಲಿ ತಂಗಿಯೊಂದಿಗೆ ಮಾತಿಗೆ ಕೂರುತ್ತಾಳೆ. ಮನೆಯಲ್ಲಿ ಜೀವಂತ ದನಿಯೊಂದಿದೆ ಎಂಬುದೇ ಅವನಿಗೆ ಧೈರ್ಯವಾಯಿತು.

ಊಟದ ಹೊತ್ತಿಗೆ ಅಮ್ಮ ಎಂದಿನಂತೆ ವಿಚಾರಿಸಿದಳು. ಹಳೆಯ ಮನೆಯ ಕಥೆ ಬರೆಯುತ್ತೇನೆ ಎಂದಷ್ಟೇ ಅವನು ಮನೆಯವರಿಗೆ ಹೇಳಿದ್ದ. ಇನ್ನೂ ಶುರುವಾಗಿಲ್ಲ ಎಂದಾಗ ಅಮ್ಮನ ಮುಖ ಸ್ವಲ್ಪ ಸಡಿಲಾಯಿತು. ಅವಸರವೇನಿದೆ, ತಾನು ಹೋದ ಮೇಲೆ ಬರೆದರಾಯಿತು ಎಂದಳು. ಹಳೆಯ ಗಾಯ ಕೆದಕುವುದು ಅವಳಿಗೆ ಬೇಡವಾಗಿದೆ ಎಂದುಕೊಂಡು ಅವನು ಇನ್ನಷ್ಟು ನೊಂದ.

ಇಪ್ಪತ್ತನೆಯ ದಿನ ಪುಟಾಣಿ ಮತ್ತೆ ಬರೆದಿತ್ತು: ‘ದೊಡ್ಡವನಿಗೆ ಎಲ್ಲ ಗೊತ್ತು. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ.’

ಇಪ್ಪತ್ತೊಂದನೆಯ ದಿನ: ‘ಈಗ ದಿನವೂ ಬರೆಯಲು ಕೂರುತ್ತಾನೆ. ಬರೆದುಬಿಡಲಿ. ಸತ್ತವರ ಮೇಲಿನ ಅಪವಾದವಾದರೂ ಹೋಗಲಿ.’

ಅವನು ಎದ್ದು ಕಿಟಕಿಯ ಪರದೆ ಎಳೆದ. ಬಾಗಿಲ ಹಿಂದೆ ನೋಡಿದ. ಮೇಜಿನ ಕೆಳಗೂ ಬಗ್ಗಿದ. ಐವತ್ತೆರಡರ ಗಂಡಸು ಮೂರು ವರ್ಷದ ಮಗುವನ್ನು ಹುಡುಕುತ್ತಿದ್ದ. ಹುಚ್ಚು ಹಿಡಿಯುವುದೊಂದು ಬಾಕಿ. ಮತ್ತೆ ಕೂತು ಒತ್ತಿದ: ‘ನೀನು ಯಾರು?’ ಇಪ್ಪತ್ತೊಂದು ದಿನಗಳಲ್ಲಿ ಅವನು ಬರೆದ ಮೊದಲ ವಾಕ್ಯ ಅದು.

ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು: ‘ಆಗ ನಾನು ತೊಟ್ಟಿಯ ಹತ್ತಿರವೇ ಇದ್ದೆ.’

ಇನ್ನು ಪುಸ್ತಕ ಕಾಯಲಾರದು. ಬೇರೆ ಯಾರಿಂದಲೋ ತಿಳಿಯುವ ಮೊದಲು ತಾನೇ ಹೇಳಬೇಕು. ಅವನು ನೇರವಾಗಿ ಅಮ್ಮನ ಕೋಣೆಗೆ ನಡೆದ.

ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಅವನನ್ನು ಕಂಡು ತೊಡೆಯ ಮೇಲಿನ ಟ್ಯಾಬನ್ನು ಮಗುಚಿದಳು. ಅಷ್ಟರಲ್ಲಿ ಅವನಿಗೆ ಕಂಡಿತ್ತು: ತನ್ನ ಪ್ರಶ್ನೆ, ಅದರ ಕೆಳಗೆ ಆ ಉತ್ತರ. ಹೇಳಿದ ಮಾತು ಅಕ್ಷರವಾಗುವ ವಿದ್ಯೆಯನ್ನು ಸೊಸೆ ಅತ್ತೆಗೆ ಯಾವಾಗಲೋ ಕಲಿಸಿದ್ದಳು. ತಂಗಿಯೊಂದಿಗಿನ ಗುನುಗುನು ಅಂದರೆ ಇದು. ಅಮ್ಮ ಎಲ್ಲವನ್ನೂ ನೋಡಿದ್ದಳು. ನಲವತ್ತಮೂರು ವರ್ಷ ಮಗನ ತಪ್ಪು ಗೊತ್ತಿದ್ದೂ ಒಂದು ದಿನವೂ ತೋರಗೊಡದೆ ಊಟ ಬಡಿಸಿದ್ದಳು. ಅವನು ಅವಳ ಕಾಲ ಬಳಿ ಕುಸಿದ.

“ಕ್ಷಮಿಸಮ್ಮ,” ಎಂದ. “ಆ ಚಿಲಕ...”

“ನೀನ್ಯಾಕೋ ಕ್ಷಮೆ ಕೇಳ್ತೀಯ?” ಅಮ್ಮ ಅವನ ಭುಜ ಹಿಡಿದಳು. “ನಾನು ಒಣಹಾಕಿದ್ದ ಬಟ್ಟೆ ಮರೆಯಲ್ಲಿದ್ದೆ. ಬಾಯಲ್ಲಿ ಕ್ಲಿಪ್ಪು ಕಚ್ಕೊಂಡಿದ್ದೆ, ಅದಕ್ಕೇ ಉತ್ತರ ಕೊಡೋಕಾಗಲಿಲ್ಲ. ಬೀದಿಗೆ ಓಡೋವಾಗ ನೀನು ಒಂದ್ಸಲ ತಿರುಗಿ ನೋಡ್ದೆ. ಎಲ್ಲ ನೋಡಿಯೂ ಇಷ್ಟು ವರ್ಷ ನನ್ನನ್ನ ಕಾಪಾಡ್ತಿದೀಯ ಅಂದ್ಕೊಂಡಿದ್ದೆ. ಈಗ ಪುಸ್ತಕ ಅಂತ ಕೂತಾಗ, ನೀನು ಬರೆಯೋಕೆ ಮೊದಲು ನಾನೇ ಹೇಳಿಬಿಡೋಣ ಅನ್ನಿಸ್ತು.”

“ನಾನು ಏನು ನೋಡಿದೆ ಅಂತಮ್ಮ?”

“ನೀನು ಗಟ್ಟಿಯಾಗಿ ಹಾಕಿ ಹೋದ ಚಿಲಕಾನ ತೆಗೆದು, ಮತ್ತೆ ಹಾಕೋಕೆ ಮರೆತದ್ದು ನಾನು.”