ರಾಣಿಯ ಕೊನೆಯ ಮಾತು

ಮೊಬೈಲಿನಲ್ಲಿ ಹಳೆಯ ಕಾಲದ ಅರಮನೆ. ಅಡಗಿಸಿಟ್ಟ ವಸ್ತುಗಳನ್ನು ಹುಡುಕುತ್ತ, ರಾಣಿ ಕಾಣೆಯಾದ ರಹಸ್ಯವನ್ನು ಬಿಡಿಸುವ ಆಟ. ಬೂದಿಯಲ್ಲಿದ್ದ ಮೂಗುತಿಯನ್ನೂ ಗಂಡ ಪತ್ತೆಹಚ್ಚಿದ್ದ. ಟೀಪಾಯಿ ಮೇಲಿದ್ದ ಅವನ ಕನ್ನಡಕವನ್ನು ಮಾತ್ರ ಹೆಂಡತಿಯೇ ಹುಡುಕಿಕೊಡಬೇಕಾಯಿತು.

“ಸಿಕ್ತು ಕಣೇ! ರಾಣೀನ ಯಾರೂ ಹೊತ್ಕೊಂಡು ಹೋಗಿಲ್ಲ, ತಾನೇ ಬಿಟ್ಟು ಹೋಗಿದಾಳೆ.”

“ಹೇಗೆ ಗೊತ್ತಾಯ್ತು?”

“ಹೊರಡುವಾಗ ರಾಜನಿಗೆ ‘ಹೋಗಿ ಬರ್ತೀನಿ’ ಅಂದಿಲ್ಲ, ‘ಹೋಗ್ತೀನಿ’ ಅಂದಿದಾಳೆ. ಆ ಪೆದ್ದನಿಗೆ ಕೇಳಿಸೇ ಇಲ್ಲ.”

“ಪಾಪ, ರಾಜಕಾರ್ಯ ಇತ್ತೇನೋ.”

“ಕಿವಿ ಬೇಡ್ವಾ ಮನುಷ್ಯನಿಗೆ? ನಾನಾಗಿದ್ರೆ ಅಲ್ಲೇ ಹಿಡೀತಿದ್ದೆ.”

ಅವಳು ಮನೆಯ ಬೀಗದ ಕೈಯನ್ನು ಟೀಪಾಯಿ ಮೇಲಿಟ್ಟು ಸೂಟ್‌ಕೇಸ್ ಎತ್ತಿಕೊಂಡಳು.

“ರೀ, ನಾನು ಹೋಗ್ತೀನಿ.”

“ಹೂಂ, ಬಾಗಿಲು ಎಳ್ಕೊಂಡು ಹೋಗು,” ಎಂದ ಗಂಡ, ಮುಂದಿನ ಅರಮನೆಗೆ ಕಾಲಿಡುತ್ತ.