ಅಳದ ತವರ

ಅಂಬಾದಾಸ ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿದ. ಇನ್ನೊಮ್ಮೆ ಬಾಗಿಸಿ, ಸಿಟ್ಟಿನಿಂದ ಗೋಣಿಯ ಮೇಲೆ ಎಸೆದ. "ಅಳವಲ್ದು. ಇದ್ರಾಗೂ ಅಂಗಡಿಯಾಂವ ಸೀಸ ಬೆರಿಸ್ಯಾನ. ನಿಮ್ಮ ಪಾತೇಲಿಗೆ ಇದನ್ನ ಹಚ್ಚಂಗಿಲ್ಲ ತಂಗಿ." ಶುದ್ಧ ತವರ ಬಾಗಿದಾಗ ಕಿರ್ರೆಂದು ಅಳಬೇಕು. ಸಿಕಂದರಾಬಾದಿನಲ್ಲಿ ನಲವತ್ತು ವರ್ಷದಿಂದ ಕಲಾಯಿ ಹಾಕುತ್ತಿದ್ದ ಅವನಿಗೆ ಅದೊಂದೇ ಪರೀಕ್ಷೆ.

ಕಲಾಯಿಗೆಂದು ತಾಮ್ರದ ಪಾತ್ರೆ ತಂದಿದ್ದ ಸುಮಂಗಲಾ ದಂಗಾದಳು. ಎರಡು ಮಾರು ದೂರ ನಿಂತಿದ್ದ ಅವಳಿಗೇ ಆ ಅಳು ಕೇಳಿಸಿತ್ತು. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಅವಳು ದಿನವೂ ನೋಡುತ್ತಿದ್ದುದು ಅದನ್ನೇ: ಲೋಹ ಬಾಗಿದರೆ ಅದರೊಳಗಿನ ಸಣ್ಣ ಹರಳುಗಳಲ್ಲಿ ಪರಮಾಣುಗಳು ಸಾಲುಸಾಲಾಗಿ ಹೊರಳುತ್ತವೆ, ಪಕ್ಕದ ಹರಳಿನ ಗಡಿ ಮುಟ್ಟಿ ತಡೆದು ನಿಲ್ಲುತ್ತವೆ. ಆ ಹೊರಳಾಟದ ಸದ್ದೇ ಈ ಅಳು; ಪರದೆಯ ಮೇಲೆ ಮಾತ್ರ ಅದಕ್ಕೆ ದನಿಯೇ ಇರಲಿಲ್ಲ.

ಅವಳು ಕಡ್ಡಿಯನ್ನು ಎತ್ತಿ ಕಿವಿಯ ಬಳಿ ಬಾಗಿಸಿದಳು. ಸ್ಪಷ್ಟವಾಗಿ ಅತ್ತಿತು. ಮುದುಕನಿಗೆ ಹೇಗೆ ಹೇಳುವುದೆಂದು ತೋಚದೆ, ಅದನ್ನು ಸೆರಗಿನಲ್ಲಿ ಒರೆಸಿ ಚಾಚಿದಳು. "ಕಾಕಾ, ಒಂದು ತುದಿ ಹಲ್ಲಾಗ ಕಚ್ಚಿ ಹಿಡದು ಬಾಗಸ್ರಿ, ನೋಡೂಣು."

ಹುಡುಗಿಯ ಹುಚ್ಚಿಗೆ ನಗುತ್ತಲೇ ಅವನು ಕಚ್ಚಿ ಬಾಗಿಸಿದ. ನಗು ಅಲ್ಲೇ ನಿಂತಿತು. ದವಡೆಯ ಎಲುಬಿನೊಳಗೆ ತವರ ಅಳುತ್ತಿತ್ತು. ಜಾಗ ಬದಲಿಸಿ ಮತ್ತೆ ಬಾಗಿಸಿದ, ಮತ್ತೆ ಅತ್ತಿತು. ಕಡ್ಡಿಯನ್ನು ಬಾಯಿಂದ ತೆಗೆದು, ಬೆರಳಿನಿಂದ ಒಮ್ಮೆ ಕಿವಿ ಮುಟ್ಟಿಕೊಂಡ.

"ಈ ವರ್ಷ ಮೂರು ಅಂಗಡಿ ಬದಲ ಮಾಡೀನಿ ತಂಗಿ," ಎಂದ. "ಮೂರೂ ಮಂದಿಗೆ ಮುಖದ ಮ್ಯಾಲೆ ಕಳ್ಳ ಅಂದೀನಿ."